ನಕ್ಷೆಗೆ ಸಹಿ ಬೀಳುವ ಮೊದಲು: ಪುಣೆಯ ಬಡಾವಣೆಗಳು ಮತ್ತು ಭೂಬಳಕೆ ಯೋಜನೆಯ ಪರಿಷ್ಕರಣೆ

ಪುಣೆಯ ಎರಂಡವಣೆಯಲ್ಲಿ, ಪ್ರಭಾತ್ ರಸ್ತೆಯ ಭಾಗದಲ್ಲಿ, ನಗರ ಯೋಜನೆಯ ಕಡತಗಳು ‘ಅಂತಿಮ ನಿವೇಶನ 110’ ಎಂದು ಕರೆಯುವ ಒಂದು ಜಾಗವಿದೆ. 1966ರ ಅಭಿವೃದ್ಧಿ ಯೋಜನೆ ಅದನ್ನು ಉದ್ಯಾನಕ್ಕೆ ಕಾದಿರಿಸಿತ್ತು. 1987ರ ಪರಿಷ್ಕೃತ ಯೋಜನೆ ಅದನ್ನೇ ಪ್ರಾಥಮಿಕ ಶಾಲೆಗೆ ಮೀಸಲಿಟ್ಟಿತು. ತೊಂಬತ್ತರ ದಶಕದಲ್ಲಿ ಆ ಮೀಸಲು ಅಳಿಸಿಹೋಗಿ ಜಾಗ ವಸತಿಗೆ ಬಿಡುಗಡೆಯಾಯಿತು. ಅಲ್ಲಿ ಹತ್ತು ಅಂತಸ್ತಿನ ಕಟ್ಟಡ ಎದ್ದಿತು. ಮೀಸಲು ತೆಗೆದದ್ದೇ ಕಾನೂನುಬಾಹಿರ ಎಂದು 1999ರಲ್ಲಿ ಬಾಂಬೆ ಹೈಕೋರ್ಟ್ ತೀರ್ಪಿತ್ತಿತು. 2011ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದು, ಕಟ್ಟಡವನ್ನು ಶಾಲೆಗೆಂದು ಪಾಲಿಕೆಗೆ ಒಪ್ಪಿಸಬೇಕು, ಇಲ್ಲವಾದರೆ ಕೆಡವಬೇಕು ಎಂದಿತು.

1987ರಲ್ಲಿ ಶಾಲೆಗೆಂದು ಗುರುತಾದ ಜಾಗದ ಹಣೆಬರಹ ಇತ್ಯರ್ಥವಾಗಲು 24 ವರ್ಷ ಬೇಕಾಯಿತು. ಆ ಶಾಲೆಗೆ ಹೋಗಬೇಕಿದ್ದ ಮಕ್ಕಳು ಅಷ್ಟರಲ್ಲಿ ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿ ತಾವೇ ತಂದೆತಾಯಿಗಳಾಗಿರಬಹುದು.

ಈ ದತ್ತಿ ಉಪನ್ಯಾಸದ ವಿಷಯ ಇದೇ. ಒಂದು ಸಣ್ಣ ಬಡಾವಣೆಯ ನೆಲ ಯಾವುದಕ್ಕೆ ಬಳಕೆಯಾಗಬೇಕು ಎಂಬುದನ್ನು ಯಾರು, ಯಾವಾಗ, ಯಾವ ದಾಖಲೆಯ ಮೇಲೆ ತೀರ್ಮಾನಿಸುತ್ತಾರೆ? ತೀರ್ಮಾನ ಹಳತಾದಾಗ ಅದನ್ನು ತಿದ್ದುವ ದಾರಿ ಯಾವುದು? ಪುಣೆಯ ಅರ್ಧ ಶತಮಾನದ ಅನುಭವ ಇದಕ್ಕೊಂದು ಸ್ಪಷ್ಟ ಉತ್ತರ ಕೊಡುತ್ತದೆ. ಕರಡು ನಕ್ಷೆ ಗೋಡೆಯ ಮೇಲೆ ಬಂದ ನಂತರ ಎಚ್ಚೆತ್ತ ಬಡಾವಣೆಗಳ ಕೈಗೆ ಸಿಕ್ಕಿದ್ದು ಕಡಿಮೆ. ತಮ್ಮ ನೆಲದ ಇಂದಿನ ಸ್ಥಿತಿಯನ್ನು ಮೊದಲೇ ತಾವೇ ಅಳೆದು ಬರೆದಿಟ್ಟ ಸಮುದಾಯಗಳು ಮಾತ್ರ ನಕ್ಷೆಯ ಬಣ್ಣವನ್ನು ಬದಲಿಸಿವೆ.

ಕಾನೂನು ಹೇಳುವ ಹಾದಿ

ಮಹಾರಾಷ್ಟ್ರದಲ್ಲಿ ಈ ಕೆಲಸ ನಡೆಯುವುದು 1966ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆಯಡಿ. ಜನ ಅದನ್ನು ‘ಎಂಆರ್‌ಟಿಪಿ’ ಎನ್ನುತ್ತಾರೆ. ಅದರಿಂದ ಹುಟ್ಟುವ ಯೋಜನೆ ಎಲ್ಲರ ಬಾಯಲ್ಲೂ ‘ಡಿಪಿ’. ಹಂತಗಳು ಹೀಗಿವೆ. ಯೋಜನೆ ತಯಾರಿಸುವ ಉದ್ದೇಶವನ್ನು ಪಾಲಿಕೆ ಮೊದಲು ಘೋಷಿಸಬೇಕು. ನಂತರ ಸರ್ವೆ ನಡೆಸಿ, ಯಾವ ಜಾಗದಲ್ಲಿ ಈಗ ಏನಿದೆ ಎಂದು ತೋರಿಸುವ ಹಾಲಿ ಭೂಬಳಕೆ ನಕ್ಷೆ ಸಿದ್ಧಪಡಿಸಬೇಕು. ಅದರ ಮೇಲೆ ಕರಡು ಯೋಜನೆ ರೂಪಿಸಿ ಪ್ರಕಟಿಸಬೇಕು. ಜನರ ಆಕ್ಷೇಪಣೆ, ಸಲಹೆಗಳನ್ನು ಯೋಜನಾ ಸಮಿತಿ ಆಲಿಸಬೇಕು. ಕೊನೆಗೆ ರಾಜ್ಯ ಸರ್ಕಾರ ಮಂಜೂರು ಮಾಡಬೇಕು.

ಆಕ್ಷೇಪಣೆಗೆ ಸಿಗುವುದು ಸಣ್ಣ ಗಡುವು. ಅಷ್ಟರಲ್ಲೇ ಸಾಮಾನ್ಯ ನಿವಾಸಿಯೊಬ್ಬರು ತಮ್ಮ ಗಲ್ಲಿ ಯಾವ ಹಾಳೆಯಲ್ಲಿದೆ ಎಂದು ಹುಡುಕಿ, ಹಳದಿ ವಸತಿಯೋ, ನೀಲಿ ವಾಣಿಜ್ಯವೋ, ನೇರಳೆ ಕೈಗಾರಿಕೆಯೋ ಎಂದು ಗುರುತಿಸಿ, ಮನೆಯ ಮೇಲೆ ಹಾದುಹೋದ ಗೆರೆ 12 ಮೀಟರ್ ರಸ್ತೆಯೋ 18 ಮೀಟರ್ ರಸ್ತೆಯೋ ಎಂದು ತಿಳಿದು, ಅರ್ಜಿ ಬರೆದು ಸ್ವೀಕೃತಿ ಪಡೆಯಬೇಕು. ಕೆಲಸಕ್ಕೆ ಹೋಗುವವರಿಗೆ ಇದಕ್ಕೆ ಸಿಗುವುದು ಕೆಲವೇ ಭಾನುವಾರ. ಅಂದು ಕಚೇರಿಗೆ ರಜೆ.

ನೆರೆಯ ಕರ್ನಾಟಕದಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಮಹಾಯೋಜನೆಯನ್ನು 10 ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು ಎನ್ನುತ್ತದೆ. ಮಹಾರಾಷ್ಟ್ರದಲ್ಲಿ ಆ ಗಡುವು 20 ವರ್ಷ. ಎರಡೂ ಕಡೆ ಗಡುವು ಕಾಗದದಲ್ಲೇ ಉಳಿದದ್ದುಂಟು. ಬೆಂಗಳೂರಿನ 2031ರ ಕರಡು 2017ರ ನವೆಂಬರ್‌ನಲ್ಲಿ ಪ್ರಕಟವಾಗಿ 2020ರಲ್ಲಿ ವಾಪಸಾಯಿತು. 2015ನೇ ಇಸವಿಯನ್ನು ಗುರಿಯಾಗಿಟ್ಟುಕೊಂಡು ಮಾಡಿದ ಹಳೆಯ ಯೋಜನೆಯೇ ಮುಂದುವರಿಯಿತು. ಪುಣೆಯ ಕಥೆ ಬೇರೆ ರೀತಿಯದು, ಆದರೆ ಫಲ ಹೆಚ್ಚು ಭಿನ್ನವಲ್ಲ.

87 ಸಾವಿರ ಅರ್ಜಿಗಳು

1987ರ ನಂತರ ಹಳೆಯ ಪುಣೆಗೆ ಬರಬೇಕಿದ್ದ ಯೋಜನೆಯ ಅವಧಿ 2007ರಿಂದ 2027. ಅದರ ಕರಡು ಜನರ ಮುಂದೆ ಬಂದದ್ದು 2013ರ ಮಾರ್ಚ್‌ನಲ್ಲಿ. ಬಂದ ಆಕ್ಷೇಪಣೆ, ಸಲಹೆಗಳು ಸುಮಾರು 87 ಸಾವಿರ! ಪಾಲಿಕೆಯ ಸ್ಥಾಯಿ ಸಮಿತಿಯ ಮೂವರು ಮತ್ತು ಸರ್ಕಾರ ನೇಮಿಸಿದ ನಾಲ್ವರು ತಜ್ಞರ ಸಮಿತಿ ಅವನ್ನು ಆಲಿಸಬೇಕಿತ್ತು.

ಒಂದು ಅರ್ಜಿಗೆ ಐದೇ ನಿಮಿಷ ಕೊಟ್ಟರೂ 87 ಸಾವಿರ ಅರ್ಜಿಗೆ 7,250 ಗಂಟೆ ಬೇಕು. ದಿನಕ್ಕೆ ಎಂಟು ಗಂಟೆ ಕೂತರೂ 900 ದಿನಕ್ಕೆ ಮಿಕ್ಕುತ್ತದೆ. ಇಷ್ಟು ಸಮಯ ಯಾವ ಸಮಿತಿಗೂ ಇರುವುದಿಲ್ಲ. ಅರ್ಜಿಗಳನ್ನು ಗುಂಪು ಮಾಡಿ ಮುಗಿಸುವುದು ಅನಿವಾರ್ಯವಾಗುತ್ತದೆ. ಗುಂಪಿನಲ್ಲಿ ಮೊದಲು ಕಾಣೆಯಾಗುವುದು ಸಣ್ಣ ಬಡಾವಣೆಯ ಸಣ್ಣ ತಕರಾರು: ಮಕ್ಕಳು ಆಡುವ ಮೈದಾನದ ಅಂಚು, ಹೆಂಗಸರು ತರಕಾರಿ ಮಾರುವ ಮೂಲೆ, ಮಳೆನೀರು ಹರಿಯುವ ಓಣಿ.

ಸಮಿತಿಯಲ್ಲಿ ಒಮ್ಮತ ಮೂಡಲಿಲ್ಲ. 2015ರಲ್ಲಿ ರಾಜ್ಯ ಸರ್ಕಾರ ಕರಡನ್ನು ಪಾಲಿಕೆಯ ಕೈಯಿಂದ ತೆಗೆದುಕೊಂಡು ವಿಭಾಗೀಯ ಆಯುಕ್ತರ ನೇತೃತ್ವದ ಮೂವರ ಸಮಿತಿಗೆ ಒಪ್ಪಿಸಿತು. ಮಂಜೂರಾತಿ ಸಿಕ್ಕಿದ್ದು 2017ರ ಜನವರಿಯಲ್ಲಿ. 2007ರಲ್ಲಿ ಶುರುವಾಗಬೇಕಿದ್ದ 20 ವರ್ಷದ ಯೋಜನೆಗೆ ಸಹಿ ಬೀಳುವ ಹೊತ್ತಿಗೆ ಅರ್ಧ ಆಯುಷ್ಯ ಕಳೆದಿತ್ತು.

ನಗರದ ಹೊರವಲಯದಲ್ಲೂ ಇದೇ ನಡೆಯಿತು. ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ 2021ರಲ್ಲಿ ಪ್ರಕಟಿಸಿದ ಕರಡಿಗೆ 60 ಸಾವಿರಕ್ಕೂ ಹೆಚ್ಚು ಆಕ್ಷೇಪಣೆಗಳು ಬಂದವು. 2025ರಲ್ಲಿ ಸರ್ಕಾರ ಆ ಕರಡನ್ನೇ ಕೈಬಿಟ್ಟಿತು. ಇಷ್ಟು ಜನ ತಪ್ಪು ತೋರಿಸಲು ಮುಂದೆ ಬರುತ್ತಾರೆ ಎಂದರೆ ಜನರಿಗೆ ಆಸಕ್ತಿ ಇಲ್ಲ ಎಂಬ ಮಾತು ಸುಳ್ಳು. ಅವರನ್ನು ಕರೆದದ್ದು ತಡವಾಯಿತು, ಅಷ್ಟೇ.

ಹೊಲದವರೇ ಬರೆದ ನಕ್ಷೆ

ಹಡಪಸರದ ಮಗರಪಟ್ಟಾ ಇದಕ್ಕೆ ತದ್ವಿರುದ್ಧವಾದ ಕಥೆ. ಅಲ್ಲಿನ ಸುಮಾರು 120 ರೈತ ಕುಟುಂಬಗಳ 400 ಎಕರೆಗೂ ಹೆಚ್ಚು ಜಮೀನು ಬಹುಕಾಲ ಕೃಷಿ ವಲಯದಲ್ಲಿತ್ತು. 1987ರ ಡಿಪಿ ಅದನ್ನು ಮುಂದೆ ನಗರವಾಗಬಹುದಾದ ವಲಯ ಎಂದು ಗುರುತಿಸಿತು. ಅಕ್ಕಪಕ್ಕದ ಜಮೀನುಗಳು ಕೈಗಾರಿಕೆಗೆ ಹೋದದ್ದನ್ನು ಆ ಕುಟುಂಬಗಳು ಕಣ್ಣಾರೆ ಕಂಡಿದ್ದವು. ಪರಿಹಾರದ ಹಣ ಕರಗಿದ ಮೇಲೆ ಜಮೀನೂ ಇಲ್ಲ, ಕೆಲಸವೂ ಇಲ್ಲ ಎಂಬ ಸ್ಥಿತಿ ಅವರಿಗೆ ಹೊಸದಾಗಿರಲಿಲ್ಲ.

ಸತೀಶ್ ಮಗರ್ ಅವರ ಮುಂದಾಳ್ತನದಲ್ಲಿ ಈ ಕುಟುಂಬಗಳು ಬದುಗಳನ್ನು ಒಡೆದು ಜಮೀನನ್ನು ಒಟ್ಟುಗೂಡಿಸಿದವು. 1993ರಲ್ಲಿ ತಮ್ಮದೇ ಯೋಜನೆಯನ್ನು ಸರ್ಕಾರದ ಮುಂದಿಟ್ಟವು. ನಕ್ಷೆಯ ಕೆಲಸಕ್ಕೆ ವಾಸ್ತುಶಿಲ್ಪಿ ಹಫೀಜ್ ಕಾಂಟ್ರಾಕ್ಟರ್ ಬಂದರು. 2000ದ ಸುಮಾರಿಗೆ ನಿರ್ಮಾಣ ಆರಂಭವಾಯಿತು. ಜಮೀನು ಮಾರಿದವರು, ಕೊಂಡವರು ಎಂಬ ಭೇದ ಇಲ್ಲಿರಲಿಲ್ಲ: ಎಷ್ಟು ಜಮೀನೋ ಅಷ್ಟು ಪಾಲಿನಂತೆ ರೈತರೇ ಕಂಪನಿಯ ಷೇರುದಾರರಾದರು. ಮನೆ, ಐಟಿ ಕಚೇರಿ, ಶಾಲೆ, ಆಸ್ಪತ್ರೆ, ತೋಟ ಎಲ್ಲಿ ಬರಬೇಕು ಎಂಬ ಚರ್ಚೆ ಅವರ ಒಳಗೇ ನಡೆಯಿತು. ಮುಂದೆ ಸಿಂಹಗಡ ರಸ್ತೆಯ ನಾಂದೇಡ್ ಸಿಟಿಯಲ್ಲಿ ಸುಮಾರು 700 ಎಕರೆಗೆ ಇದೇ ಮಾದರಿ ಹಬ್ಬಿತು.

ಮಗರಪಟ್ಟಾ ಗೆದ್ದ ಗುಟ್ಟನ್ನು ಹೆಚ್ಚಿನವರು ಹಣದಲ್ಲಿ ಹುಡುಕುತ್ತಾರೆ. ಹಣಕ್ಕಿಂತ ಮೊದಲು ಅವರ ಕೈಯಲ್ಲಿದ್ದದ್ದು ಪ್ರತಿ ಕುಟುಂಬದ ಉತಾರ (ಪಹಣಿ), ಪ್ರತಿ ತುಂಡಿನ ಅಳತೆ, ಮತ್ತು ಯಾರ ಪಾಲು ಎಷ್ಟು ಎಂಬ ಒಪ್ಪಿತ ಲೆಕ್ಕ. ಅದಿಲ್ಲದಿದ್ದರೆ ನೂರಕ್ಕೂ ಹೆಚ್ಚು ಕುಟುಂಬಗಳನ್ನು ಒಂದೇ ಹಾಳೆಯ ಮೇಲೆ ತರಲು ಯಾವ ವಾಸ್ತುಶಿಲ್ಪಿಗೂ ಆಗುತ್ತಿರಲಿಲ್ಲ.

ಈ ಮಾದರಿಗೆ ಮಿತಿಯೂ ಇದೆ. ಪಾಲು ಹುಟ್ಟುವುದು ಜಮೀನಿನಿಂದ. ಅದೇ ಹೊಲದಲ್ಲಿ ಕೂಲಿ ಮಾಡಿದವರಿಗೆ, ಬಾಡಿಗೆ ಕೋಣೆಯಲ್ಲಿ ಇರುವವರಿಗೆ ಅಲ್ಲಿ ಷೇರು ಇರಲು ಸಾಧ್ಯವಿಲ್ಲ. ಉತಾರದಲ್ಲಿ ಹೆಸರಿಲ್ಲದವರು ನಕ್ಷೆಯೊಳಗೆ ಬರುವುದು ಹೇಗೆ? ಅದಕ್ಕೆ ಯೆರವಡಾ ಕಡೆ ಹೊರಳಬೇಕು.

ಯೆರವಡಾದ ಟೇಪು

2009ರ ಹೊತ್ತಿಗೆ ಕೇಂದ್ರದ ಜವಾಹರಲಾಲ್ ನೆಹರೂ ನಗರ ನವೀಕರಣ ಕಾರ್ಯಕ್ರಮದಡಿ ಯೆರವಡಾದ ಕೆಲವು ಹಳೆಯ ಕೊಳೆಗೇರಿಗಳನ್ನು ಇದ್ದಲ್ಲೇ ಸುಧಾರಿಸುವ ಕೆಲಸ ಶುರುವಾಯಿತು. ಮದರ್ ತೆರೇಸಾ ನಗರ, ನೇತಾಜಿ ನಗರ, ಯಶವಂತ ನಗರ, ವಡಾರ್ ವಸ್ತಿಯಂಥ ಕಿರುವಸಾಹತುಗಳು ಅವು. ಸ್ಪಾರ್ಕ್ ಸಂಸ್ಥೆ ಮತ್ತು ಬಡ ಹೆಣ್ಣುಮಕ್ಕಳ ಉಳಿತಾಯ ಗುಂಪುಗಳ ಒಕ್ಕೂಟ ಮಹಿಳಾ ಮಿಲನ್ ಇದರಲ್ಲಿ ಕೈಜೋಡಿಸಿದವು. ಪುಣೆಯ ವಾಸ್ತುಶಿಲ್ಪಿ ಪ್ರಸನ್ನ ದೇಸಾಯಿ ವಿನ್ಯಾಸದಲ್ಲಿ ಪಾಲ್ಗೊಂಡರು.

ಅಲ್ಲಿನ ಮೊದಲ ಕೆಲಸ ಅಳತೆ. ಮನೆಮನೆಗೆ ನಂಬರು, ಟೇಪು ಹಿಡಿದು ಉದ್ದ ಅಗಲ, ಗೋಡೆ ತಗಡಿನದೋ ಇಟ್ಟಿಗೆಯದೋ, ಬಾಗಿಲು ಯಾವ ಓಣಿಗೆ ತೆರೆಯುತ್ತದೆ, ಮೆಟ್ಟಿಲು ಯಾರದು, ನಲ್ಲಿ ಎಲ್ಲಿದೆ. ಗಟ್ಟಿಯಾಗಿ ಕಟ್ಟಿದ ಪಕ್ಕಾ ಮನೆಗಳನ್ನು ಹಾಗೆಯೇ ಬಿಟ್ಟು ಕಚ್ಚಾ ಮನೆಗಳನ್ನಷ್ಟೇ ಹೊಸದಾಗಿ ಕಟ್ಟುವ ತೀರ್ಮಾನ ಆದ್ದರಿಂದ ಈ ವಿವರಕ್ಕೆಲ್ಲ ಬೆಲೆ ಬಂತು. ಹೊಸ ಮನೆ 270 ಚದರ ಅಡಿ. ವೆಚ್ಚದಲ್ಲಿ ನಿವಾಸಿಯ ಪಾಲು ಶೇ. 10. ಓಣಿ, ಅಂಗಳ, ನೆರೆಹೊರೆ ಹೆಚ್ಚೂಕಡಿಮೆ ಇದ್ದಂತೆಯೇ ಉಳಿಯಬೇಕು ಎಂಬುದು ಮೂಲ ಷರತ್ತು.

ಆರಂಭದ ವಿನ್ಯಾಸಗಳಲ್ಲಿ ಮೂರು ಬಗೆ ಇದ್ದವು. ಒಂದು, ಮೇಲೆ ಇನ್ನೊಂದು ಅಂತಸ್ತು ಹೊರಲು ಬುನಾದಿ ಗಟ್ಟಿಯಿರುವ ಎರಡು ಅಂತಸ್ತಿನ ಮನೆ. ಇನ್ನೊಂದು, ಕೆಳಗೆ ಕಂಬಗಳಷ್ಟೇ ಇದ್ದು ಅಂಗಡಿಗೋ ಗಾಡಿಗೋ ಜಾಗ ಬಿಡುವ ಮನೆ. ಮೂರನೆಯದರಲ್ಲಿ ನಡುವಿನ ಅಂತಸ್ತು ಬಯಲು. ಕೆಲಸಕ್ಕೋ ಕೂರುವುದಕ್ಕೋ ಆಗುವಂಥದು. ಸರ್ಕಾರಿ ನಕ್ಷೆ ‘ವಸತಿ’ ಎಂದು ಒಂದೇ ಬಣ್ಣ ಬಳಿಯುವ ಕಡೆ ಜನ ಹೊಲಿಗೆ ಯಂತ್ರ ಇಡುತ್ತಾರೆ, ತಿಂಡಿ ಮಾಡಿ ಮಾರುತ್ತಾರೆ, ಗುಜರಿ ವಿಂಗಡಿಸುತ್ತಾರೆ. ಆ ದುಡಿಮೆಗೂ ನೆಲ ಬೇಕು ಎಂಬುದನ್ನು ಈ ವಿನ್ಯಾಸಗಳು ಒಪ್ಪಿಕೊಂಡವು.

ಪುಣೆಯಲ್ಲಿ ಬದುಕುವ ಕನ್ನಡಿಗರಿಗೆ ಈ ಪಾಠ ಹತ್ತಿರದ್ದು. ಎರಂಡವಣೆಯ ಗಣೇಶನಗರದಲ್ಲಿ ಕನ್ನಡ ಸಂಘದ ಶಾಲೆ, ಸಭಾಗೃಹ ಕಟ್ಟಿ ನೆಲೆನಿಂತವರಿದ್ದಾರೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದು ಗಾವಠಾಣದ (ಹಳೆಯ ಊರಿನ ಜಾಗದ) ಬಾಡಿಗೆ ಕೋಣೆಗಳಲ್ಲಿ, ಒಂದೆರಡು ಗುಂಟೆಯ ಅಕ್ರಮ ನಿವೇಶನಗಳಲ್ಲಿ ದಿನ ದೂಡುವ ಕಟ್ಟಡ ಕೂಲಿಗಳೂ ಇದ್ದಾರೆ. ಮೊದಲಿನವರ ಕೈಯಲ್ಲಿ ಕಾಗದವಿದೆ. ಎರಡನೆಯವರನ್ನು ಯಾರಾದರೂ ಎಣಿಸಿ ಬರೆದರೆ ಮಾತ್ರ ಅವರು ಅಲ್ಲಿದ್ದಾರೆ ಎಂದು ನಕ್ಷೆಗೆ ಗೊತ್ತಾಗುತ್ತದೆ.

ಗುಡ್ಡ, ಹೊಳೆ, ಓಢಾ

ಭೂಬಳಕೆ ಎಂದರೆ ಕಟ್ಟಡ ಮಾತ್ರವಲ್ಲ, ಕಟ್ಟಬಾರದ ಜಾಗವೂ ಸೇರುತ್ತದೆ. 1997ರಲ್ಲಿ ಪುಣೆ ಪಾಲಿಕೆಗೆ 23 ಹಳ್ಳಿಗಳು ಸೇರಿದಾಗ ಅವುಗಳ ಸುತ್ತಲಿನ ಗುಡ್ಡಗಳ ಮೇಲೆ ಎಲ್ಲರ ಕಣ್ಣು ಬಿತ್ತು. ನಾಗರಿಕ ಗುಂಪುಗಳು, ಸಸ್ಯತಜ್ಞರು ಪಟ್ಟುಹಿಡಿದು ದುಡಿದುದರಿಂದ 978 ಹೆಕ್ಟೇರ್ ಗುಡ್ಡದ ನೆಲ ಜೀವವೈವಿಧ್ಯ ಉದ್ಯಾನಕ್ಕೆ ಮೀಸಲಾಯಿತು. ಸರ್ಕಾರದ ಒಪ್ಪಿಗೆಗೆ 2015ರವರೆಗೆ ಕಾಯಬೇಕಾಯಿತು. ಜಮೀನುದಾರರಿಗೆ ಪರಿಹಾರವಾಗಿ ಶೇ. 8ರಷ್ಟು ಅಭಿವೃದ್ಧಿ ಹಕ್ಕು ವರ್ಗಾವಣೆ, ಅಂದರೆ ಬೇರೆಡೆ ಕಟ್ಟಲು ಬಳಸುವ ಇಲ್ಲವೇ ಮಾರುವ ಹಕ್ಕು, ಎಂದಾಯಿತು. ಪರಿಹಾರ ಕಡಿಮೆಯಾಯಿತು ಎಂಬ ಜಮೀನುದಾರರ ದೂರನ್ನು ತಳ್ಳಿಹಾಕುವಂತಿಲ್ಲ. ಸಾರ್ವಜನಿಕರ ಹಸಿರಿಗೆ ಖಾಸಗಿಯವರೊಬ್ಬರೇ ಬೆಲೆ ತೆರಬೇಕಾದ ಕಡೆ ಮೀಸಲು ಬಹುಕಾಲ ನಿಲ್ಲುವುದಿಲ್ಲ.

ಮೀಸಲು ಕಳಚಿಕೊಳ್ಳಲು ಕಾಯ್ದೆಯಲ್ಲೇ ಬಾಗಿಲಿದೆ. ಮೀಸಲಿಟ್ಟ ಜಾಗವನ್ನು ಪಾಲಿಕೆ 10 ವರ್ಷದಲ್ಲಿ ವಶಕ್ಕೆ ಪಡೆಯದಿದ್ದರೆ ಮಾಲೀಕರು 127ನೇ ಸೆಕ್ಷನ್ ಅಡಿ ನೋಟಿಸ್ ಕೊಡಬಹುದು. ಆ ಬಳಿಕವೂ ನಿಗದಿತ ಅವಧಿಯೊಳಗೆ, ಈಗಿನಂತೆ 24 ತಿಂಗಳೊಳಗೆ, ಪಾಲಿಕೆ ಹೆಜ್ಜೆ ಇಡದಿದ್ದರೆ ಮೀಸಲು ಬಿದ್ದುಹೋಗುತ್ತದೆ. ತಮ್ಮ ಮೈದಾನದ ಮೀಸಲಿಗೆ ಎಷ್ಟು ವರ್ಷವಾಯಿತು ಎಂದು ಲೆಕ್ಕ ಇಟ್ಟುಕೊಂಡ ಬಡಾವಣೆಗಳು ಬೆರಳೆಣಿಕೆಯಷ್ಟೂ ಸಿಗಲಾರವು.

ನೀರಿನ ಮಾತು ಇನ್ನೂ ಕಠಿಣ. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟೆ ಒಡೆದು, ಅದರ ರಭಸಕ್ಕೆ ಖಡಕ್‌ವಾಸ್ಲಾ ಕೂಡ ಒಡೆದು ಪುಣೆಯ ನದಿತೀರ ಕೊಚ್ಚಿಹೋಯಿತು. ಮನೆ ಕಳೆದುಕೊಂಡವರಿಗಾಗಿ ಗೋಖಲೆನಗರ, ಸಹಕಾರನಗರದಂಥ ವಸಾಹತುಗಳು ಎದ್ದವು. ಪೂರಗ್ರಸ್ತರ 103 ಸಹಕಾರಿ ಸೊಸೈಟಿಗಳಿಗೆ ಸರ್ಕಾರ ಜಾಗ ಕೊಟ್ಟಿತು. ಅದೇ ಸಹಕಾರನಗರದ ಆಸುಪಾಸು 2019ರ ಸೆಪ್ಟೆಂಬರ್ 25ರ ರಾತ್ರಿ ಆಂಬಿಲ್ ಓಢಾ ಎಂಬ ಹಳ್ಳ ಉಕ್ಕಿ ಜನರ ಪ್ರಾಣ ತೆಗೆಯಿತು. ಕಾತ್ರಜದಿಂದ ಮುಠಾ ನದಿಗೆ ಹರಿಯುವ ಹಳ್ಳದ ಪಾತ್ರವನ್ನು ಗೋಡೆ, ಸೇತುವೆ, ರಸ್ತೆಗಳು ಹಿಸುಕಿದ್ದವು. 2024ರ ಜುಲೈ 25ರಂದು ಸಿಂಹಗಡ ರಸ್ತೆಯ ಏಕತಾ ನಗರಿಯ ನೆಲಮಹಡಿಗಳು ಮುಳುಗಿದವು.

25 ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹಕ್ಕೆ ನೀಲಿ ರೇಖೆ, 100 ವರ್ಷಕ್ಕೊಮ್ಮೆ ಬರಬಹುದಾದದ್ದಕ್ಕೆ ಕೆಂಪು ರೇಖೆ. ನದಿಗೆ ಈ ಎರಡು ರೇಖೆಗಳಿವೆ. ಆದರೆ ಓಣಿಯ ಯಾವ ಮನೆಯ ಎಷ್ಟನೇ ಮೆಟ್ಟಿಲಿಗೆ ನೀರು ಬಂದಿತ್ತು ಎಂಬುದನ್ನು ಬಲ್ಲವರು ಅಲ್ಲಿನ ನಿವಾಸಿಗಳು. ಆ ಗುರುತು ಗೋಡೆಯ ಸುಣ್ಣದಡಿ ಮುಚ್ಚಿಹೋಗುವ ಮೊದಲು ನಕ್ಷೆಗೆ ಏರಬೇಕು.

ಭಾಗಶಃ ಪರಿಷ್ಕರಣೆಯ ದಾರಿ

ಮುಂದಿನ ಹೆಜ್ಜೆ ಏನು? 2027ಕ್ಕೆ ಹಳೆಯ ಪುಣೆಯ ಯೋಜನೆಯ ಲೆಕ್ಕಾಚಾರದ ಅವಧಿ ಮುಗಿಯುತ್ತದೆ. ಆದರೆ ಕಾಯ್ದೆಯ 38ನೇ ಸೆಕ್ಷನ್ 20 ವರ್ಷವನ್ನು ಎಣಿಸುವುದು ಯೋಜನೆ ಜಾರಿಗೆ ಬಂದ ದಿನದಿಂದ. ಹಾಗೆ ನೋಡಿದರೆ 2017ರ ಯೋಜನೆ 2037ರ ಹತ್ತಿರದವರೆಗೂ ಎಳೆಯಬಹುದು. ಅಷ್ಟರಲ್ಲಿ ಬಂಗಲೆಗಳ ಜಾಗದಲ್ಲಿ ಹನ್ನೆರಡು ಅಂತಸ್ತು ಏಳುತ್ತಿವೆ, 2020ರ ಏಕೀಕೃತ ನಿರ್ಮಾಣ ನಿಯಮಾವಳಿಯಡಿ ಹಳೆಯ ಸೊಸೈಟಿಗಳು ಪುನರಭಿವೃದ್ಧಿಗೆ ಇಳಿದಿವೆ. 2017ರಲ್ಲಿ 11, 2021ರ ಜೂನ್ 30ರಂದು 23 ಹಳ್ಳಿಗಳು ಪಾಲಿಕೆಗೆ ಸೇರಿದ್ದರಿಂದ ಹೊಲದ ಬದಿಗೇ ಅಪಾರ್ಟ್‌ಮೆಂಟು ಬಂದಿದೆ.

ಅದೇ ಸೆಕ್ಷನ್‌ನಲ್ಲಿ ಹೆಚ್ಚು ಜನ ಗಮನಿಸದ ಒಂದು ಅವಕಾಶವಿದೆ: ಯೋಜನೆಯನ್ನು ಇಡಿಯಾಗಿ ಮಾತ್ರವಲ್ಲ, ಭಾಗಭಾಗವಾಗಿಯೂ ಪರಿಷ್ಕರಿಸಬಹುದು, ಬೇಕಿದ್ದರೆ ಹೊಸ ಸರ್ವೆ, ಹೊಸ ಹಾಲಿ ಭೂಬಳಕೆ ನಕ್ಷೆ ಮಾಡಿಸಬಹುದು. ಇಡೀ ನಗರದ 87 ಸಾವಿರ ಅರ್ಜಿಗಳ ರಾಶಿಯಲ್ಲಿ ಹೂತುಹೋಗುವ ಬದಲು ಒಂದು ಪ್ರಭಾಗ (ವಾರ್ಡ್), ಒಂದು ಗಾವಠಾಣ, ಒಂದು ಸೊಸೈಟಿಗಳ ಸಮೂಹ ತನ್ನ ಭಾಗಕ್ಕೆ ಮಾತ್ರ ಪರಿಷ್ಕರಣೆ ಕೇಳಲು ಇದು ಆಧಾರ. 37ನೇ ಸೆಕ್ಷನ್‌ನ ಬದಲಾವಣೆಯಂತೆ ಒಂದೊಂದೇ ನಿವೇಶನವನ್ನು ಬಿಡಿಬಿಡಿಯಾಗಿ ತಿದ್ದುವುದಕ್ಕಿಂತ ಇದು ಲೇಸು. ಪ್ರಭಾತ್ ರಸ್ತೆಯ ಮೀಸಲು ಕಳೆದುಹೋದದ್ದೇ ಬಿಡಿ ತಿದ್ದುಪಡಿಯ ದಾರಿಯಲ್ಲಿ.

ಅದಕ್ಕೆ ಬಡಾವಣೆಯ ಕೈಯಲ್ಲಿ ನಾಲ್ಕು ಕಾಗದ ಇರಬೇಕು. ಮೊದಲನೆಯದು ಪಾಲಿಕೆಯಿಂದ ಪಡೆದ ಝೋನ್ ದಾಖಲಾ (ವಲಯ ಪ್ರಮಾಣಪತ್ರ) ಮತ್ತು ಭಾಗ ನಕಾಶಾ (ಆ ಭಾಗದ ನಕ್ಷೆ). ಮಂಜೂರಾದ ಯೋಜನೆ ಈ ಜಾಗದ ಬಗ್ಗೆ ಏನು ಹೇಳುತ್ತದೆ ಎಂಬುದಕ್ಕೆ ಅದೇ ಪುರಾವೆ. ಎರಡನೆಯದು ಮೋಜಣಿಯ (ಸರ್ಕಾರಿ ಅಳತೆಯ) ನಕ್ಷೆ, ಸಾತ್‌ಬಾರಾ ಉತಾರ ಅಥವಾ ಆಸ್ತಿ ಪತ್ರ. ಮೂರನೆಯದು ನಿವಾಸಿಗಳೇ ಓಣಿ ಸುತ್ತಿ ಬರೆದ ಹಾಲಿ ಬಳಕೆಯ ಪಟ್ಟಿ: ಮನೆ, ಅಂಗಡಿ, ಅಂಗನವಾಡಿ, ಬಾಡಿಗೆ ಕೋಣೆ, ಮರ, ಬಾವಿ, ನೀರಿನ ಗುರುತು, ವಾಹನ ನಿಲ್ಲುವ ಜಾಗ. ನಾಲ್ಕನೆಯದು ಮೀಸಲು ಜಾಗಗಳ ಪಟ್ಟಿ. ಯಾವುದು ಯಾವ ವರ್ಷ ಮೀಸಲಾಯಿತು, ವಶವಾಯಿತೇ, 127ರ ನೋಟಿಸ್ ಬಂದಿದೆಯೇ ಎಂಬ ವಿವರದೊಡನೆ. ಮೂರನೆಯದನ್ನು ಬಾಡಿಗೆದಾರರನ್ನು, ಕೆಲಸದವರನ್ನು, ಬೀದಿ ವ್ಯಾಪಾರಿಗಳನ್ನು ಕೂರಿಸಿಕೊಂಡೇ ಬರೆಯಬೇಕು. ಮಾಲೀಕರಷ್ಟೇ ಬರೆದರೆ ಅರ್ಧ ಬಡಾವಣೆ ಮತ್ತೆ ಬಿಟ್ಟುಹೋಗುತ್ತದೆ.

ಈ ಕೆಲಸಕ್ಕೆ ದೊಡ್ಡ ಹಣ ಬೇಡ, ಕೂಡಿ ದುಡಿಯುವ ರೂಢಿ ಸಾಕು. 1909ರಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಗೃಹನಿರ್ಮಾಣ ಸಹಕಾರ ಸಂಘ ಕಟ್ಟಿದವರ ಪರಂಪರೆ ಕನ್ನಡಿಗರ ಹಿಂದಿದೆ. ಪುಣೆಯ ಕನ್ನಡ ಸಂಸ್ಥೆಗಳು ಕಾರ್ಮಿಕರ ವಸತಿಗಳಲ್ಲಿ ಈ ಪಟ್ಟಿಯನ್ನು ಕನ್ನಡ, ಮರಾಠಿ ಎರಡರಲ್ಲೂ ಬರೆಸಿಕೊಟ್ಟರೆ ಓದುಬರಹ ಬಾರದವರ ಮನೆಯೂ ದಾಖಲೆಗೆ ಸೇರುತ್ತದೆ. ಎರಂಡವಣೆಯಲ್ಲೋ ಹಡಪಸರದಲ್ಲೋ ಒಂದು ಪ್ರಭಾಗ ಈ ನಾಲ್ಕು ಕಾಗದಗಳೊಂದಿಗೆ 38ನೇ ಸೆಕ್ಷನ್ ಅಡಿ ಭಾಗಶಃ ಪರಿಷ್ಕರಣೆಗೆ ಮನವಿ ಸಲ್ಲಿಸಲಿ. ಪಾಲಿಕೆ ಒಪ್ಪಿದರೆ ಹೊಸ ಸರ್ವೆಗೆ ಅದೇ ಬುನಾದಿ. ಒಪ್ಪದಿದ್ದರೆ, ಮುಂದಿನ ಕರಡು ಪ್ರಕಟವಾಗಿ ಆಕ್ಷೇಪಣೆಯ ಗಡುವು ಶುರುವಾದ ಬೆಳಿಗ್ಗೆಯೇ ಆ ಬಡಾವಣೆಯ ಆಕ್ಷೇಪಣೆ ಸಾಕ್ಷ್ಯಸಮೇತ ಸ್ವೀಕೃತಿ ಪಡೆದಿರುತ್ತದೆ.